ನೀಲಿ ಕಟ್ಟುವ ನೀರು

ಗಾಜಿನ ಮೇಲೆ ಹೆಸರು ಬರೆಯುವಂತಿಲ್ಲ.
ವಜ್ರದ ಮೊನೆಯಲ್ಲಿ ನಂಬರು ಗೀಚುತ್ತೇನೆ: ೧೧೪೬.
ಪಿಳ್ಳಮ್ಮ, ಐವತ್ತೆಂಟು, ಶಿಡ್ಲಘಟ್ಟ,
ಎಡಗೈ ಹಿಂಬದಿ, ಹಳೇ ಸುಟ್ಟ ಕಲೆ,
ಕಲೆಯ ಮೇಲೆ ಎಂಟು ತಿಂಗಳಿಂದ ಮಾಯದ ಹುಣ್ಣು.
ಇದೆಲ್ಲ ಚೀಟಿಯಲ್ಲಿದೆ, ಚೀಟಿ ಫೈಲಿನಲ್ಲಿ.
ಚಿಕ್ಕಬಳ್ಳಾಪುರದ ಈ ನೆಲಮಾಳಿಗೆಗೆ ಬಂದದ್ದು
ಫಾರ್ಮಲಿನ್ ಡಬ್ಬಿಯ ತಳದಲ್ಲಿ
ಹುಣಸೆ ಬೀಜದಷ್ಟು ತೊಗಲು.

ರಾತ್ರಿಯೆಲ್ಲ ಅದಕ್ಕೆ ಸ್ನಾನ.
ಸ್ಪಿರಿಟ್ಟು, ಮೊದಲು ತೆಳ್ಳಗೆ, ಬರಬರುತ್ತ ಖಾರವಾಗಿ.
ಇದ್ದಬದ್ದ ನೀರೆಲ್ಲ ಬಿಟ್ಟುಕೊಟ್ಟ ಮೇಲೆ ಝೈಲೀನು,
ಝೈಲೀನೂ ಎದ್ದುಹೋದ ಜಾಗಕ್ಕೆ ಕರಗಿದ ಮೇಣ.

ಬೆಳಿಗ್ಗೆ ಮೈಕ್ರೋಟೋಮಿನ ಹಿಡಿ ತಿರುಗಿಸುತ್ತೇನೆ.
ಒಂದು ಮಿಲಿಮೀಟರನ್ನು ಇನ್ನೂರೈವತ್ತು ಪಾಲು ಮಾಡಿದರೆ
ಅದರಲ್ಲೊಂದು ಪಾಲು ದಪ್ಪ.
ಫ್ಯಾನು ಆರಿಸಿರಬೇಕು, ಉಸಿರು ಹಿಡಿದಿರಬೇಕು,
ಸೀನು ಬಂದರೆ ಆ ದಿನದ ಕೆಲಸ ಮಣ್ಣು.
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟರೆ
ಮೇಣದ ಪಟ್ಟಿ ತಾನೇ ಸುಕ್ಕು ಬಿಡಿಸಿಕೊಂಡು ಮಲಗುತ್ತದೆ.

ಈಗ ಬಣ್ಣ.
ಕಡಲಾಚೆಯ ಯಾವುದೋ ಮರದ ತಿರುಳಿನದಂತೆ
ಈ ಹೆಮಟಾಕ್ಸಿಲಿನ್. ಎಂಟು ನಿಮಿಷ ಮುಳುಗಿಸಿ ಎತ್ತಿದರೆ
ನೇರಳೆ ತಿಂದ ನಾಲಿಗೆಯ ಕೆಂಪು,
ಯಾವುದು ಏನೆಂದು ಹೇಳಲಾಗದ ಮಬ್ಬು.
ಆಮೇಲೆ ನಲ್ಲಿ.

ಸಾವಿರದಿನ್ನೂರು ಅಡಿ ಆಳದಿಂದ ಬರುವ ನೀರು ಇದು.
ಬಾಯಿಗೆ ಒಗರು, ಬೇಳೆ ಬೇಯುವುದಿಲ್ಲ ಇದರಲ್ಲಿ,
ಬಕೆಟ್ಟಿನ ಒಳಮೈಗೆ ಬಿಳಿ ಚಿಪ್ಪು ಕಟ್ಟುತ್ತದೆ,
ಸೋಪು ನೊರೆ ಕೊಡದೆ ಸತಾಯಿಸುತ್ತದೆ,
ಊರಿಗೆ ಊರೇ ಬೈಯುವ ನೀರು.
ಇದರ ಕೆಳಗೆ ಗಾಜು ಹಿಡಿದರೆ
ಒಂದೊಂದು ಜೀವಕೋಶದ ನಡುಬೊಟ್ಟೂ
ನೀಲಿ.
ಇದಕ್ಕೆಂದೇ ಬೇರೆ ಔಷಧಿ ಇದೆ ಎಂದು ಪುಸ್ತಕ ಹೇಳುತ್ತದೆ.
ನಾನು ತರಿಸಿಲ್ಲ.

ಕೊನೆಗೆ ಇಯೋಸಿನ್, ಒಂದು ಗುಲಾಬಿ ಮುಳುಗು.

ಓದುವವರು ಡಾಕ್ಟರ್ ಅಪರಂಜಿ, ನಾನು ಬರೀ ಬಣ್ಣ ಹಾಕುವವನು.
ಆದರೂ ಹದಿನೇಳು ವರ್ಷ ಹಾಕಿದವನ ಕಣ್ಣಿಗೆ
ಕಂಡದ್ದು ಕಾಣದೆ ಹೋಗುವುದಿಲ್ಲ.
ಮೇಲಿರಬೇಕಾದ ಚರ್ಮ ಗೆರೆ ದಾಟಿ ಕೆಳಗಿಳಿದಿತ್ತು
ಗುಂಪು ಗುಂಪಾಗಿ, ನಡುನಡುವೆ
ಸುತ್ತಿನೊಳಗೆ ಸುತ್ತು ಬಿದ್ದ ಗುಲಾಬಿ ಉಂಡೆ.
ಇವಕ್ಕೆ ಮುತ್ತು ಎನ್ನುತ್ತಾರೆ.
ಯಾರು ಇಟ್ಟರೋ ಆ ಹೆಸರು, ಯಾವ ಮನಸ್ಸಿನಲ್ಲಿ.

ಹನ್ನೊಂದಕ್ಕೆ ಕಿಟಕಿಯಲ್ಲಿ ಬಟ್ಟೆ ಸುತ್ತಿದ ಒಂದು ಕೈ.
'ಏನಪ್ಪಾ, ನನ್ ಕೈದು ತುಂಡು ನಿನ್ನತ್ರ ಐತಂತಲ್ಲ,
ಒಂದ್ಸಲ ತೋರ್ಸು.'
ಹಾಗೆಲ್ಲ ತೋರಿಸೋ ರೂಲ್ಸಿಲ್ಲಮ್ಮ ಎಂದೆ.
'ನಂದೇ ಅಲ್ವಾ?'
ರೂಲ್ಸಿನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಸ್ಟೂಲಿನ ತುದಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ
ತುಂಬಾ ಹೊತ್ತು ನೋಡಿದಳು.
ಸೆರಗಿನಲ್ಲಿ ಬೆಂದ ರೇಷ್ಮೆಹುಳುವಿನ ವಾಸನೆ.
ಕುದಿನೀರಿನ ಗೂಡಿನಲ್ಲಿ ನೂಲಿನ ತುದಿ ಹುಡುಕಿ
ಮೂವತ್ತು ವರ್ಷ ಸವೆಸಿದ ಬೆರಳು,
ಅದರಲ್ಲೊಂದು ದಿನ ಬಾಂಡ್ಲಿ ಮಗುಚಿ ಈ ಕಲೆ.

'ಬಣ್ಣ ಚೆನ್ನಾಗಿ ಹಿಡ್ದೈತೆ' ಅಂದಳು ಮೊದಲು,
ಕಸುಬಿನವಳು ಕಸುಬಿನವನಿಗೆ ಹೇಳಿದ ಹಾಗೆ.
ಆಮೇಲೆ ಎಲ್ಲೋ ಒಂದು ಕಡೆ ಕಣ್ಣು ನಿಂತಿತು.
'ಇದ್ಯಾಕೆ ತುದೀನೇ ಸಿಕ್ತಿಲ್ಲ?
ಇಂಥ ಗೂಡು ನಾವು ಆಚೆ ಎತ್ತಾಕ್ತೀವಪ್ಪ.'

ಗಾಜು ತೆಗೆದು ಟ್ರೇಯಲ್ಲಿಟ್ಟೆ.
ಡಾಕ್ಟರು ಮಧ್ಯಾಹ್ನ ಬರುತ್ತಾರೆ ಎಂದೆ, ಅಷ್ಟೇ.

ಹತ್ತೊಂಬತ್ತು ದಿನಕ್ಕೆ ದೊಡ್ಡ ಡಬ್ಬಿ, ಹೊಸ ನಂಬರು.
ಕತ್ತಿ ಎಲ್ಲಿಯವರೆಗೆ ಹೋಗಿತ್ತೆಂದು ತಿಳಿಯಲು
ತುಂಡಿನ ಅಂಚಿಗೆಲ್ಲ ಕಪ್ಪು ಶಾಯಿ ಬಳಿದೆ.
ನೀಲಿ ಆ ಶಾಯಿಯನ್ನು ಮುಟ್ಟಿದ್ದರೆ ಒಂದು ಮಾತು,
ಮುಟ್ಟದಿದ್ದರೆ ಇನ್ನೊಂದು.

ಈ ಸಲ ನಾನು ನೋಡಲಿಲ್ಲ.
ಟ್ರೇಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಬಂದು
ಕೈ ತೊಳೆಯಲು ನಲ್ಲಿ ತಿರುಗಿಸಿದೆ.
ಬೆರಳ ಸಂದಿಗೆ ಹತ್ತಿದ್ದ ಕೆಂಪು
ನೀರು ಬಿದ್ದಲ್ಲೆಲ್ಲ
ನಿಧಾನಕ್ಕೆ ನೀಲಿಯಾಗುತ್ತಿತ್ತು.